ಕೂಸು ಮಲಗುವುದೆಲ್ಲಿ?

ಕೂಸಿಗೆ ಎಣ್ಣೆ ಯಾವುದು, ನೀರೆರೆಯುವ ಹೊತ್ತು ಯಾವುದು ಎಂದು ಹತ್ತು ಜನರನ್ನು ಕೇಳುವ ನಾವು, ಅದು ರಾತ್ರಿ ಎಲ್ಲಿ ಮಲಗಬೇಕೆಂದು ಯಾರನ್ನೂ ಕೇಳುವುದಿಲ್ಲ. ನಾವು ಬೆಳೆದ ಮನೆಯಲ್ಲಿ ಎಲ್ಲಿ ಮಲಗುತ್ತಿದ್ದಿತೋ ಅಲ್ಲಿಯೇ ಮಲಗತಕ್ಕದ್ದೆಂದು ತಿಳಿಯುತ್ತೇವೆ. ಎರಡು ಮನೆತನಗಳು ಒಂದು ಕೋಣೆಯಲ್ಲಿ ಕೂಡಿದಾಗಲೇ ತೊಡಕು.

ನಮಗೆ ಚೊಚ್ಚಲು ಮಗಳು ಹುಟ್ಟಿದಾಗ ಹೀಗಾಯಿತು. ನಮ್ಮ ಮನೆತನದಲ್ಲಿ ಕೂಸು ಹೆತ್ತವರ ಮಗ್ಗುಲಲ್ಲಿ, ಒಂದೇ ಹೊದಿಕೆಯಡಿ ಮಲಗುತ್ತಿದ್ದಿತು. ಮನೆಯಾಕೆಯ ತೌರಿನಲ್ಲಾದರೋ ತೊಲೆಗೆ ಕಟ್ಟಿದ ಹಳೆಯ ಸೀರೆಯ ಜೋಲಿಯೇ ಅದರ ಹಾಸಿಗೆ. “ಮಗ್ಗುಲಲ್ಲಿ ಹಾಕಿಕೊಂಡರೆ ನಿದ್ದೆಗಣ್ಣಿನಲ್ಲಿ ಮೇಲೆ ಹೊರಳೀರಿ” ಎಂದು ಅತ್ತೆಯವರು ಎಚ್ಚರಿಸಿದರು. “ನಾನು ಹೆತ್ತ ಆರು ಮಕ್ಕಳೂ ಹಾಗೆಯೇ ಬೆಳೆಯಲಿಲ್ಲವೆ?” ಎಂದರು ನಮ್ಮ ತಾಯಿಯವರು. ಗೆಲುವು ನಮ್ಮ ಪಕ್ಷದ್ದಾಯಿತು.

ಒಂದು ಚಳಿಗಾಲದ ರಾತ್ರಿ ಎಚ್ಚರವಾಗಿ ಕೈಯಾಡಿಸಿದೆವು. ಕೂಸಿನ ಮುಖದ ಮೇಲೆ ನಮ್ಮ ರಜಾಯಿ ಕವಿದಿದ್ದಿತು. ಎಳೆದು ನೋಡಿದೆವು, ಉಸಿರಾಡುತ್ತಿದ್ದಿತು. ಬೆಳಗಿನವರೆಗೂ ನಮಗೆ ನಿದ್ರೆ ಹತ್ತಲಿಲ್ಲ. ಆದರೂ ಈ ಸಂಗತಿಯನ್ನು ಮನೆಯಾಕೆಗೆ ಕೂಡ ಹೇಳಲಿಲ್ಲ.

ಮಗ್ಗುಲಲ್ಲಿ ಮಲಗಿಸಿಕೊಳ್ಳುವವರು ನಾವು ಮಾತ್ರವೇ ಅಲ್ಲ. ಜಪಾನಿನವರು ತಂದೆತಾಯಿಯರ ನಡುವೆ ಮಲಗಿದ ಮಗುವನ್ನು ಕಂಡು, ‘ನದಿ’ ಎಂಬರ್ಥದ ತಮ್ಮ ಮೂರು ಗೀಟಿನ ಅಕ್ಷರವನ್ನು ನೆನೆಯುವರು. ಅಮೆರಿಕದ ಅನೇಕ ಮನೆಗಳಲ್ಲಿ ಕೂಸಿಗೆ ಬೇರೆ ಕೋಣೆಯೇ ಉಂಟು. ಆ ದೇಶದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಸಂಸ್ಥೆಯು 2022ರಲ್ಲಿ ಕೊಟ್ಟ ಸಲಹೆಯು ಎಲ್ಲರನ್ನೂ ತಿದ್ದುವಂತಿದೆ: ಕನಿಷ್ಠ 6 ತಿಂಗಳವರೆಗೆ ಕೂಸು ಹೆತ್ತವರ ಕೋಣೆಯಲ್ಲಿಯೇ ಮಲಗಬೇಕು, ಆದರೆ ಬೇರೆ ಹಾಸಿಗೆಯಲ್ಲಿ, ಅಂಗಾತವಾಗಿ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕು, ದಿಂಬು, ಸಡಿಲವಾದ ಹೊದಿಕೆಗಳು ಕೂಡವು. ಇದರ ಮುಂದೆ ನಮ್ಮ ರಜಾಯಿಯೂ ಸೋತಿತು, ತಗ್ಗಾಗಿ ಬಾಗುವ ಜೋಲಿಯೂ ಸೋತಿತು. ಸೋಲದೆ ಉಳಿದುದು ಎರಡು ಮನೆತನಗಳಿಗೂ ಸಮಾನವಾಗಿದ್ದ ಒಂದು ಮಾತು: ಕೂಸು ಕೈಗೆಟಕುವಷ್ಟು ಹತ್ತಿರವಿರಬೇಕು.

ಈಚೆಗೆ ಅದೇ ಮಗಳು ಬಾಣಂತಿತನಕ್ಕೆ ಬಂದಿದ್ದಾಳೆ. ತನ್ನ ಮಂಚದ ಪಕ್ಕದಲ್ಲಿ ಕೂಸಿಗೆ ಬೇರೆ ಹಾಸಿಗೆ ಅಣಿಮಾಡಿದಾಗ, ಮುಪ್ಪಿನ ನಮ್ಮ ತಾಯಿಯವರು “ಹೆತ್ತ ಕೂಸನ್ನು ದೂರ ಮಾಡುವರೇನೇ?” ಎಂದು ನೊಂದುಕೊಂಡರು. ಮಗಳು ನಮ್ಮ ಮುಖ ನೋಡಿದಳು. ಇಷ್ಟು ವರ್ಷ ಮುಚ್ಚಿಟ್ಟಿದ್ದ ಆ ರಾತ್ರಿಯ ಸಂಗತಿಯನ್ನು ಅಂದು ಎಲ್ಲರೆದುರಿಗೆ ಹೇಳಿದೆವು.

ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೊಮ್ಮಗಳನ್ನು ಕರೆದು, “ಹಾಗಾದರೆ ನನ್ನ ಚಾಪೆಯನ್ನೂ ಆ ಕೋಣೆಯಲ್ಲಿಯೇ ಹಾಸೇ, ತಾಯಿ” ಎಂದರು.