ನೀರಿಲ್ಲ ಅನ್ನೋದೂ ಒಂದು ಕೆಲಸ

ಹೈಡ್ರಾಲಜಿಸ್ಟ್ ಅಂದ ತಕ್ಷಣ ನೆಂಟರು ಕೇಳೋದು ಒಂದೇ ಪ್ರಶ್ನೆ: "ಹಾಗಾದ್ರೆ ನಮ್ಮ ಸೈಟಿಗೂ ಬಂದು ಒಂದು ಪಾಯಿಂಟ್ ಹಾಕಿಕೊಡ್ತೀಯಾ?" ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲ ಸುತ್ತಿ, ಕಾಯಿ ಎದ್ದು ನಿಂತ ಜಾಗದಲ್ಲಿ ಬೋರ್ ಕೊರೆಸೋರಿಗೂ ನನಗೂ ಅವರ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ನನ್ನ ಲೆಕ್ಕದಲ್ಲಿ ಒಂದಿದೆ. ಅವರು "ಇಲ್ಲಿ ನೀರಿದೆ" ಅಂತಾರೆ. ನನ್ನ ಬಾಯಲ್ಲಿ ಹೆಚ್ಚಾಗಿ ಬರೋದು "ಕಷ್ಟ".

ಬೆಂಗಳೂರು, ಕೋಲಾರದ ಕೆಳಗಿರೋದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಒಳಗೆಲ್ಲೋ ನದಿ ಹರೀತಿದೆ ಅನ್ನೋದು ನಮ್ಮ ಕಲ್ಪನೆ ಅಷ್ಟೇ. ಮೇಲಿನ ಶಿಥಿಲ ಪದರ ಸ್ಪಂಜಿನ ಹಾಗೆ ನೀರು ಹಿಡಿಯುತ್ತೆ. ಅಜ್ಜಂದಿರ ತೆರೆದ ಬಾವಿಗಳು ಬದುಕಿದ್ದು ಅದರಿಂದ. ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರು, ಆಳಕ್ಕೆ ಹೋದಷ್ಟೂ ಬಿರುಕೂ ಕಡಿಮೆ. ಸಾವಿರ ಅಡಿಯಿಂದ ಎತ್ತಿದ ನೀರು ಒಂದು ಮಳೆಗಾಲಕ್ಕೆ ವಾಪಸ್ ತುಂಬೋದಿಲ್ಲ. ಪಿಎಫ್ ತೆಗೆದು ಮನೆ ಬಾಡಿಗೆ ಕಟ್ಟಿದ ಹಾಗೆ.

ನನ್ನ ಮೊದಲ ಕೆಲಸ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ. ಊರಂಚಿನ ಅಪಾರ್ಟ್‌ಮೆಂಟ್ ಒಂದರ ವರದಿಯಲ್ಲಿ, ಬೋರ್‌ವೆಲ್‌ಗಳಿಂದ ವರ್ಷವಿಡೀ ಪೂರೈಕೆ ಸಾಧ್ಯವಿಲ್ಲ ಅಂತ ಬರೆದಿದ್ದೆ. ಬಾಸ್ ತುಂಬಾ ಪ್ರೀತಿಯಿಂದ ಕರೆದು, "ಸೂಕ್ತ ನಿರ್ವಹಣೆಯಿಂದ ಸಾಧ್ಯ ಅಂತ ಹಾಕಮ್ಮ" ಅಂದರು. ನಾನು ಸಹಿ ಹಾಕಲಿಲ್ಲ, ಬೇರೆಯವರು ಹಾಕಿದರು. ಬ್ರೋಶರ್‌ನಲ್ಲಿ "ಸಸ್ಟೇನಬಲ್" ಅನ್ನೋ ಪದ ಹಸಿರು ಅಕ್ಷರದಲ್ಲಿ ಬಂತು. ಆರು ತಿಂಗಳಲ್ಲಿ ನಾನು ಹೊರಬಂದೆ. ಅಲ್ಲಿದ್ದ ಸಂಬಳ ಇವತ್ತಿಗೂ ನನಗಿಲ್ಲ. (ಅಮ್ಮನಿಗೆ ಇದು ಗೊತ್ತಿಲ್ಲ, ಹೇಳಬೇಡಿ.)

ಈಗ ಕೋಲಾರದ ಹಳ್ಳಿಗಳಲ್ಲಿ ತಿಂಗಳಿಗೊಮ್ಮೆ ಬಾವಿಗಳ ನೀರಿನ ಮಟ್ಟ ಅಳೀತೀನಿ. ವರ್ಷಪೂರ್ತಿ ಹರಿಯೋ ನದಿಯಿಲ್ಲದ ಜಿಲ್ಲೆ ಅದು, ಕೆರೆಗಳೇ ಆಧಾರ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಅಲ್ಲಿನ ಕೆರೆಗಳಿಗೆ ಹೋಗ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ನೀವು ಬೆಳಿಗ್ಗೆ ಫ್ಲಶ್ ಮಾಡಿದ್ದೂ ಅದರಲ್ಲಿರಬಹುದು. ಕೆರೆ ತುಂಬಿದ್ದು ನನಗೂ ಖುಷಿಯೇ. ಆದರೆ ಎರಡನೇ ಹಂತದವರೆಗಷ್ಟೇ ಸಂಸ್ಕರಿಸಿದ ನೀರು ಕೆರೆಯಿಂದ ಬಾವಿಗೆ ಇಳಿಯುವಾಗ, ಮಟ್ಟ ಅಳೆದಷ್ಟೇ ಶ್ರದ್ಧೆಯಿಂದ ಗುಣವನ್ನೂ ಅಳೀಬೇಕು. ಮಟ್ಟ ಏರಿದ ಸುದ್ದಿ ಹಬ್ಬಿದಷ್ಟು ಬೇಗ ನೈಟ್ರೇಟ್ ಸುದ್ದಿ ಹಬ್ಬೋದಿಲ್ಲ.

ಮೊನ್ನೆ ಒಂದು ಕೆರೆ ಪಕ್ಕದ ಬಾವಿಗೆ ಟೇಪ್ ಇಳಿಸಿದ್ದೆ. ತೋಟದ ಯಜಮಾನರು ಬಗ್ಗಿ ನೋಡಿದರು.

"ಎಷ್ಟೈತಮ್ಮಾ?"

"ಹೋದ ವರ್ಷಕ್ಕಿಂತ ಮೂರು ಮೀಟರ್ ಮೇಲಿದೆ, ಯಜಮಾನ್ರೇ."

"ಹಂಗಾದ್ರೆ ಇನ್ನೊಂದು ಬೋರ್ ಹಾಕ್ಸಬೌದು."

ಅವರ ತೋಟದಲ್ಲಿ ಆಗಲೇ ನಾಲ್ಕು ಬೋರ್ ಒಣಗಿ ನಿಂತಿವೆ. ನಾಲ್ಕರ ಸಾಲವೂ ತೀರಿಲ್ಲ. ಬೇಡ ಅಂದೆ. ಏರಿದ ಮೂರು ಮೀಟರ್ ಇಡೀ ಊರಿನದ್ದು, ಎಲ್ಲರೂ ಕೊರೆದರೆ ಎರಡು ಬೇಸಿಗೆಯಲ್ಲಿ ಮುಗಿಯುತ್ತೆ ಅಂತ ನೋಟ್‌ಬುಕ್‌ನಲ್ಲಿ ಗೀಚಿ ತೋರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸರಿನಮ್ಮಾ, ನಾನು ಸುಮ್ಕಿರ್ತೀನಿ. ಪಕ್ಕದೋನು ಕೊರೆಸಿದ್ರೆ?"

ಎಂ.ಟೆಕ್‌ನಲ್ಲಿ ಇದಕ್ಕೆ ಸೂತ್ರ ಕೊಟ್ಟಿರಲಿಲ್ಲ. ಪಕ್ಕದವರನ್ನೂ ಕರೆಸಿದೆವು. ಮೂವರೂ ಕೆರೆ ಏರಿ ಮೇಲೆ ಕೂತು, ಎಷ್ಟು ಎಕರೆ ಟೊಮ್ಯಾಟೊಗೆ ಎಷ್ಟು ನೀರು, ಹನಿ ನೀರಾವರಿ ಹಾಕಿದರೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಶುರು ಮಾಡಿದೆವು. ಅರ್ಧಕ್ಕೆ ಬಂದಿತ್ತು, ತ್ರೀ-ಫೇಸ್ ಕರೆಂಟ್ ಬಂತು. ಪಕ್ಕದವರು ಮೋಟರ್ ಹಾಕೋಕೆ ಎದ್ದು ಹೋದರು. ಉಳಿದ ಲೆಕ್ಕ ಮುಂದಿನ ತಿಂಗಳು.