ಒಂದು ಚಾಯ, ಒಂದು ಕಾಫಿ: ವೈಟ್ಟಿಲದಿಂದ ತಂಪಾನೂರಿಗೆ

ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ಸೇಲಂ, ಕೊಯಮತ್ತೂರು, ಪಾಲಕ್ಕಾಡು ದಾಟಿ ಬೆಳಗ್ಗೆ ಕೊಚ್ಚಿಯ ವೈಟ್ಟಿಲದಲ್ಲಿ ಇಳಿಸಿತು. ಕನ್ನಡಿಗರಿಗೆ ಇಲ್ಲಿ ಮೊದಲು ಕಾಣುವ ತಮಾಷೆಯೆಂದರೆ ಎರಡು ಕೆಎಸ್‌ಆರ್‌ಟಿಸಿಗಳು. ನಮ್ಮ ಬಸ್ಸಿನ ಮೇಲೆ ಗಂಡಭೇರುಂಡ, ಅವರದರ ಮೇಲೆ ಜೋಡಿ ಆನೆ. ಆ ಆನೆಗಳ ದೆಸೆಯಿಂದಲೇ ಮಲಯಾಳಿಗಳ ಬಾಯಲ್ಲಿ ಅದು ‘ಆನವಂಡಿ’. ಈ ಐದಕ್ಷರದ ಹೆಸರು ಯಾರದ್ದೆಂದು ಎರಡು ನಿಗಮಗಳೂ ವರ್ಷಗಟ್ಟಲೆ ಹಗ್ಗಜಗ್ಗಾಡಿದವು; 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ರಸ್ತೆಯಲ್ಲಿ ಮಾತ್ರ ಎರಡೂ ಒಂದರ ಹಿಂದೊಂದು ನಿಂತು ಜನರನ್ನು ತುಂಬಿಸಿಕೊಳ್ಳುತ್ತವೆ.

ವೈಟ್ಟಿಲ ಪ್ರವಾಸಿಗರು ಹುಡುಕಿಕೊಂಡು ಬರುವ ಊರಲ್ಲ. ಬಂದವರೆಲ್ಲ ಇಲ್ಲಿಂದ ಇನ್ನೆಲ್ಲಿಗೋ ಹೊರಟವರೇ. 2011ರಲ್ಲಿ ಶುರುವಾದ ಮೊಬಿಲಿಟಿ ಹಬ್ಬಿನಲ್ಲಿ ಬಸ್ಸು, ಪಕ್ಕದಲ್ಲೇ ಮೆಟ್ರೊ, ಹಿಂದುಗಡೆ ಕಾಲುವೆಯಲ್ಲಿ ದೋಣಿ. ಮೂಟೆ ಹೊತ್ತವರು, ಲ್ಯಾಪ್‌ಟಾಪ್ ಚೀಲದವರು, ಶಬರಿಮಲೆಯ ಕಪ್ಪುಬಟ್ಟೆಯವರು ಒಂದೇ ಗೂಡಂಗಡಿಯ ಮುಂದೆ ಸೇರುತ್ತಾರೆ.

ತಿರುವನಂತಪುರದ ಬಸ್ಸು ಹತ್ತುವ ಮೊದಲು ನೀರಿಗಿಳಿಯಬೇಕೆನ್ನಿಸಿತು. 2023ರ ಏಪ್ರಿಲ್‌ನಲ್ಲಿ ಆರಂಭವಾದ ವಾಟರ್ ಮೆಟ್ರೊದ ಮೊದಲ ಎರಡು ಮಾರ್ಗಗಳಲ್ಲಿ ವೈಟ್ಟಿಲ–ಕಾಕ್ಕನಾಡು ಒಂದು. ಬ್ಯಾಟರಿಯಿಂದ ಓಡುವ ಈ ಅಲ್ಯೂಮಿನಿಯಂ ದೋಣಿಗಳನ್ನು ಕಟ್ಟಿದ್ದು ಇದೇ ಊರಿನ ಕೊಚ್ಚಿನ್ ಶಿಪ್‌ಯಾರ್ಡ್. ಒಂದೊಂದರಲ್ಲಿ ನೂರು ಜನ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲವೂ ಸೇರಿದ ಈ ಯೋಜನೆ ಪೂರ್ತಿಯಾದರೆ 78 ದೋಣಿ, 38 ನಿಲ್ದಾಣ, ಹತ್ತು ದ್ವೀಪಗಳು ಒಂದಕ್ಕೊಂದು ಸೇರುತ್ತವೆ. ನನಗೆ ಹಿಡಿಸಿದ್ದು ಅದರ ತೇಲುವ ಕಟ್ಟೆ. ಉಬ್ಬರಕ್ಕೆ ದೋಣಿಯ ಜೊತೆಗೇ ಏರುತ್ತದೆ, ಇಳಿತಕ್ಕೆ ಜೊತೆಗೇ ಇಳಿಯುತ್ತದೆ. ಹಾಗಾಗಿ ದೋಣಿಯ ನೆಲವೂ ಕಟ್ಟೆಯ ನೆಲವೂ ಸದಾ ಸಮ. ಗಾಲಿಕುರ್ಚಿಯ ಅಜ್ಜಿಯೊಬ್ಬರನ್ನು ಮೊಮ್ಮಗ ಯಾರ ಕೈಯನ್ನೂ ಕಾಯದೆ ತಳ್ಳಿಕೊಂಡು ಒಳಗೆ ಬಂದ.

ಒಳಗೆ ಎಸಿ, ಹೊರಗೆ ಗಾಜಿನಾಚೆ ಅಂತರಗಂಗೆಯ ಹಸಿರು ರಾಶಿ, ತೆಂಗು, ಹಿತ್ತಿಲಲ್ಲಿ ಬಟ್ಟೆ ಒಗೆಯುವವರು. ಎಂಜಿನ್ನಿನ ಸದ್ದಿಲ್ಲದ ಕಾರಣ ಪಕ್ಕದವರ ಫೋನ್ ಮಾತೆಲ್ಲ ಕಿವಿಗೆ ಬೀಳುತ್ತದೆ. ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಕಾಕ್ಕನಾಡು ಬಂತು. ಇನ್ಫೋಪಾರ್ಕಿನ ಹುಡುಗ ಹುಡುಗಿಯರು ಇಳಿದು ಬಿರಬಿರನೆ ನಡೆದರು. ನಾನು ಅದೇ ದೋಣಿಯಲ್ಲಿ ಹಿಂದಿರುಗಿದೆ.

ವೈಟ್ಟಿಲದಿಂದ ಪಶ್ಚಿಮಕ್ಕೆ ಹೋಗುವ ದೊಡ್ಡ ರಸ್ತೆಗೆ ಸಹೋದರನ್ ಅಯ್ಯಪ್ಪನ್ ಅವರ ಹೆಸರು. 1917ರಲ್ಲಿ ವೈಪ್ಪಿನ್ ದ್ವೀಪದ ಚೆರಾಯಿಯಲ್ಲಿ ದಲಿತರನ್ನು ಕೂರಿಸಿಕೊಂಡು ಸಹಪಂಕ್ತಿ ಭೋಜನ ಮಾಡಿಸಿ, ಅದಕ್ಕಾಗಿ ತನ್ನವರಿಂದಲೇ ಬಹಿಷ್ಕಾರ ಉಂಡವರು. ಆ ರಸ್ತೆಯ ಮೇಲೇ ಓಡುವ ಮೆಟ್ರೊದಲ್ಲಿ ಎಳಂಕುಳಂ ಕಳೆದರೆ ಕಡವಂತ್ರ. ನಾನು ಅಲ್ಲಿಳಿದದ್ದು ಒಂದು ಚಹಾದಂಗಡಿಗಾಗಿ.

ಶ್ರೀ ಬಾಲಾಜಿ ಕಾಫಿ ಹೌಸ್ ಎಂಬ ಪುಟ್ಟ ಅಂಗಡಿ ನಡೆಸಿಕೊಂಡು ಕೆ.ಆರ್. ವಿಜಯನ್ ಮತ್ತು ಅವರ ಹೆಂಡತಿ ಮೋಹನಾ 26 ದೇಶ ನೋಡಿಬಂದರು. ದಿನಕ್ಕೆ 300 ರೂಪಾಯಿ ಎತ್ತಿಡುವುದು, ಸಾಲದೆ ಬಂದದ್ದಕ್ಕೆ ಸಾಲ ತೆಗೆಯುವುದು, ಹೋಗಿ ಬರುವುದು, ಮತ್ತೆ ಚಹಾ ಮಾರಿ ಸಾಲ ತೀರಿಸುವುದು, ತೀರಿದ ಮೇಲೆ ಮುಂದಿನ ದೇಶ. 2007ರಲ್ಲಿ ಶುರುವಾದ ವಿದೇಶಯಾತ್ರೆ ಹೀಗೇ ನಡೆಯಿತು. ಅವರ ಮೇಲೊಂದು ಸಾಕ್ಷ್ಯಚಿತ್ರ ಬಂತು. 2019ರ ಆಸ್ಟ್ರೇಲಿಯ, ನ್ಯೂಜಿಲೆಂಡ್ ಯಾತ್ರೆಗೆ ಉದ್ಯಮಿ ಆನಂದ್ ಮಹೀಂದ್ರ ನೆರವಾದರು. 2021ರಲ್ಲಿ ರಷ್ಯಾ ನೋಡಿ ಬಂದ ಕೆಲವೇ ವಾರಗಳಲ್ಲಿ, ನವೆಂಬರ್‌ನಲ್ಲಿ, ವಿಜಯನ್ ತೀರಿಕೊಂಡರು. ಆಗ ಅವರಿಗೆ 71.

ನಾನು ಚಾಯ ಕುಡಿಯುತ್ತ ಲೆಕ್ಕ ಹಾಕಿದೆ. ದಿನಕ್ಕೆ 300 ಅಂದರೆ ವರ್ಷಕ್ಕೆ ಒಂದು ಲಕ್ಷ ಒಂಬತ್ತೂವರೆ ಸಾವಿರ. ಅಂಗಡಿ ಒಂದು ದಿನವೂ ಮುಚ್ಚದಿದ್ದರೆ ಮಾತ್ರ! ದೇಶ ಸುತ್ತು, ಕೋಶ ಓದು ಎಂದ ಹಿರಿಯರು ಸುತ್ತಾಟದ ಖರ್ಚು ಯಾರದ್ದೆಂದು ಹೇಳಲಿಲ್ಲ. ಮಗಳ ಮದುವೆಗೆ ಸಾಲ ಮಾಡಿದವನನ್ನು ನಾವು ಜವಾಬ್ದಾರಿಯುಳ್ಳವನು ಅನ್ನುತ್ತೇವೆ. ಮನೆ ಕಟ್ಟಲು ಸಾಲ ಮಾಡಿದವನನ್ನು ಜಾಣ ಅನ್ನುತ್ತೇವೆ. ಊರು ನೋಡಲು ಸಾಲ ಮಾಡಿದವನು ಮಾತ್ರ ಹುಚ್ಚ. ಬೆಂಚಿನಲ್ಲಿ ಕೂತಿದ್ದ ಆಟೊ ಚಾಲಕನಿಗೆ ನನ್ನ ಮುರುಕು ಮಲಯಾಳದಲ್ಲಿ ಇದನ್ನೇ ಹೇಳಿದೆ. “ಸಾಲ ಎಲ್ಲರಿಗೂ ಇದೆ ಚೇಟ್ಟಾ, ಅವರ ಸಾಲಕ್ಕೆ ತೋರಿಸೋಕೆ ಫೋಟೊ ಇತ್ತು” ಅಂದ.

ಮಧ್ಯಾಹ್ನ ವೈಟ್ಟಿಲದಲ್ಲಿ ಆನವಂಡಿ ಹತ್ತಿದೆ. ತಿರುವನಂತಪುರಕ್ಕೆ ಸುಮಾರು 200 ಕಿಲೋಮೀಟರ್. ದಾರಿ ರಾಷ್ಟ್ರೀಯ ಹೆದ್ದಾರಿ 66. ಕಾರವಾರ, ಹೊನ್ನಾವರ, ಕುಂದಾಪುರ, ಮಂಗಳೂರುಗಳ ನಮ್ಮ ಕರಾವಳಿ ರಸ್ತೆಯೇ ಕಾಸರಗೋಡು ಹಾದು ಇಲ್ಲಿಗೆ ಬಂದು ಕನ್ಯಾಕುಮಾರಿಗೆ ಹೋಗುತ್ತದೆ. ಆಲಪ್ಪುಳದಲ್ಲಿ 2021ರಲ್ಲಿ ತೆರೆದ ಬೈಪಾಸಿನ ಮೇಲುಸೇತುವೆ ಕಡಲತೀರದ ಮಗ್ಗುಲಲ್ಲೇ ಸಾಗುತ್ತದೆ. ಹಾಲುಪಾಯಸಕ್ಕೆ ಹೆಸರಾದ ಅಂಬಲಪ್ಪುಳ, ಆಮೇಲೆ ಹರಿಪ್ಪಾಡು, ಕಾಯಂಕುಳಂ, ಕೊಲ್ಲಂ. ಕೇರಳದಲ್ಲಿ ಒಂದು ಊರು ಮುಗಿದು ಇನ್ನೊಂದು ಶುರುವಾಗುವುದು ಬೋರ್ಡಿನಿಂದಷ್ಟೇ ತಿಳಿಯುತ್ತದೆ.

ದಾರಿಯುದ್ದಕ್ಕೂ ವಿಜಯನ್ ತಲೆಯಲ್ಲಿದ್ದರು. ಆಫ್ರಿಕಾ, ಯೂರೋಪು ಸುತ್ತಿ ಬರೆದ ಮಲಯಾಳದ ಎಸ್.ಕೆ. ಪೊಟ್ಟೆಕ್ಕಾಟ್‌ರಿಗೆ 1980ರ ಜ್ಞಾನಪೀಠ ಬಂತು. ಅದೇ ವರ್ಷ ಕನ್ನಡದ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡೂ ಭಾಷೆಗೆ ಪ್ರವಾಸ ಕಥನದ ದೊಡ್ಡ ಆಸ್ತಿಯಿದೆ. ಆದರೆ ಆ ಪುಸ್ತಕಗಳಲ್ಲಿ ಚಹಾ ಕೊಡುವವನು ಯಾವಾಗಲೂ ದಾರಿಬದಿಯ ಪಾತ್ರ, ಎರಡು ಸಾಲಲ್ಲಿ ಬಂದು ಹೋಗುವವನು. ಕಡವಂತ್ರದಲ್ಲಿ ಆ ಪಾತ್ರವೇ ಎದ್ದು ಹೊರಟಿತ್ತು.

ತಂಪಾನೂರು ಬಸ್ ನಿಲ್ದಾಣದಲ್ಲಿ ಇಳಿಯುವಾಗ ಕತ್ತಲಾಗಿತ್ತು. ಹತ್ತಿರದಲ್ಲೇ ಲಾರಿ ಬೇಕರ್ ಕಟ್ಟಿದ ಇಂಡಿಯನ್ ಕಾಫಿ ಹೌಸ್. ದುಂಡನೆಯ ಇಟ್ಟಿಗೆ ಗೋಪುರ. ಒಳಗೆ ಮಹಡಿಗಳಿಲ್ಲ, ಮೆಟ್ಟಿಲಿಲ್ಲ, ಸುತ್ತುತ್ತ ಏರುವ ಒಂದೇ ಇಳಿಜಾರು. ಗೋಡೆಯಗುಂಟ ಮೇಜುಗಳು, ಇಟ್ಟಿಗೆಯ ಕಿಂಡಿಗಳಿಂದ ಗಾಳಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಬೇಕರ್ 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕೆಂದು ಭಾರತಕ್ಕೆ ಬಂದವರು. ಈ ದೇಶದ ಜನರಿಂದಲೇ ಮಣ್ಣು, ಸುಣ್ಣ, ಇಟ್ಟಿಗೆಗಳಲ್ಲಿ ಮನೆ ಕಟ್ಟುವ ಬಗೆಯನ್ನು ಕಲಿತು, ಕಡಿಮೆ ಖರ್ಚಿನ ಮನೆಗಳನ್ನು ಕಟ್ಟುತ್ತ ಇದೇ ಊರಿನಲ್ಲಿ ನೆಲೆಸಿದರು, ಭಾರತದ ಪೌರರಾದರು, 2007ರಲ್ಲಿ ಇಲ್ಲೇ ತೀರಿಕೊಂಡರು.

ಬೀಸಣಿಗೆಯಂಥ ತುರಾಯಿಯ ಪೇಟ ಸುತ್ತಿದ ಬಿಳಿ ಸಮವಸ್ತ್ರದ ಮಾಣಿ ಇಳಿಜಾರಿನಲ್ಲಿ ತಟ್ಟೆ ಅಲುಗದಂತೆ ಬಂದು ಮಸಾಲೆದೋಸೆ ಇಟ್ಟರು. ಮುರಿದರೆ ಒಳಗೆ ಕೆಂಪು: ಬೀಟ್‌ರೂಟ್ ಪಲ್ಯ. ಮೈಸೂರಿನವರು ಕಂಡರೆ ಮುಖ ಗಂಟಿಕ್ಕಿಯಾರು. ಹಸಿದ ನನಗೆ ರುಚಿಸಿತು. ಈ ಹೋಟೆಲಿಗೆ ಬೇರೆ ಮಾಲೀಕನಿಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್‌ರ ಮುಂದಾಳ್ತನದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್‌ನಲ್ಲಿ, ನಮ್ಮ ಬೆಂಗಳೂರಿನಲ್ಲಿ. ಮರುವರ್ಷ ತ್ರಿಶ್ಶೂರಿನಲ್ಲಿ ಕೇರಳದ ಮೊದಲ ಹೌಸ್ ತೆರೆಯಿತು.

ನನ್ನ ಮೇಜಿಗೆ ಕೊನೆಗೆ ಬಂದು ಕೂತವರು ಲಾಟರಿ ಟಿಕೆಟ್ ಮಾರುವ ಹಿರಿಯರು. ಬಹುಮಾನ ಬಂದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಅವರು ಯೋಚಿಸಲೇ ಇಲ್ಲ, “ದುಬೈ. ಮಗ ಅಲ್ಲಿದ್ದಾನೆ, ಅವನಿರುವ ರೂಮು ನೋಡಬೇಕು” ಅಂದರು. ಬಹುಮಾನದವರೆಗೆ ಯಾಕೆ ಕಾಯಬೇಕು ಅಂತ ನಾನು ಕಡವಂತ್ರದ ಮುನ್ನೂರು ರೂಪಾಯಿಯ ಲೆಕ್ಕ ಹೇಳಿದೆ. ಅವರು ಜೇಬಿನಿಂದ ಪೆನ್ನು ತೆಗೆದು ಬಿಲ್ಲಿನ ಹಿಂಬದಿಯಲ್ಲಿ ಮುನ್ನೂರನ್ನು ಹೊಡೆದು ನೂರು ಎಂದು ಬರೆದುಕೊಂಡು, ಕೂಡಿಸತೊಡಗಿದರು.