ಸೂರ್ಯನಿಲ್ಲದ ಭಾನುವಾರ

2021ರ ಜನವರಿ 9, ಶನಿವಾರ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾತ್ರಿ ಎಂಟೂವರೆಯ ಹೊತ್ತು. ಕೋವಿಡ್ ಕಾಲ, ಎಲ್ಲರ ಮುಖಕ್ಕೂ ಮಾಸ್ಕು. ಏರ್ ಇಂಡಿಯಾದ ಬೋಯಿಂಗ್ 777ರಲ್ಲಿ ಕಿಟಕಿ ಪಕ್ಕ ಕೂತಿದ್ದೀರಿ. ಇಳಿಯುವುದು ಸೀದಾ ಬೆಂಗಳೂರಿನಲ್ಲೇ. ನಡುವೆ ದುಬೈ ಇಲ್ಲ, ಫ್ರಾಂಕ್‌ಫರ್ಟ್ ಇಲ್ಲ, ನಿದ್ದೆಗಣ್ಣಿನಲ್ಲಿ ಬ್ಯಾಗು ಹೊತ್ತು ಗೇಟು ಹುಡುಕುವ ಓಟವಿಲ್ಲ. ಈ ಎರಡು ಊರುಗಳ ನಡುವಿನ ಮೊದಲ ತಡೆರಹಿತ ವಿಮಾನ ಇದು. ಕಾಕ್‌ಪಿಟ್‌ನಲ್ಲಿ ನಾಲ್ವರೂ ಮಹಿಳೆಯರು: ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್.

ನೆಲ ಬಿಟ್ಟಾಯಿತು. ಎದುರಿನ ಪರದೆ ನೋಡಿ: ವಿಮಾನದ ಮೂತಿ ಪೂರ್ವಕ್ಕೂ ಇಲ್ಲ, ಪಶ್ಚಿಮಕ್ಕೂ ಇಲ್ಲ, ಉತ್ತರಕ್ಕಿದೆ. ಶಾಲೆಯ ಗೋಡೆಯ ನಕ್ಷೆಯನ್ನು ನಂಬಿದವರಿಗೆ ಇದು ಅರ್ಥವಾಗದು. ಗ್ಲೋಬಿನ ಮೇಲೆ ದಾರ ಎಳೆದು ನೋಡಬೇಕು. ಅತಿ ಹತ್ತಿರದ ದಾರಿ ಸುಮಾರು 13,990 ಕಿ.ಮೀ.; ಅದು ಅಲಾಸ್ಕಾ, ಸೈಬೀರಿಯಾ, ಟಿಬೆಟ್ ದಾಟಿ ಬರುತ್ತದೆ. ಟಿಬೆಟ್ಟೇ ತೊಡಕು. ಕ್ಯಾಬಿನ್ನಿನ ಒತ್ತಡ ಕುಸಿದರೆ ವಿಮಾನ ಬೇಗನೆ 10,000 ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರ! ಪೆಸಿಫಿಕ್ ಮೇಲೆ ಹೋಗೋಣವೆಂದರೆ ಪಶ್ಚಿಮದಿಂದ ಬೀಸುವ ಜೆಟ್ ಪ್ರವಾಹ ಮುಖಕ್ಕೇ ಬಡಿಯುತ್ತದೆ. ಧ್ರುವದ ನೆತ್ತಿಯ ಮೇಲೇ ಹಾದರೂ ದೂರ ಹೆಚ್ಚುವುದು ಬರೀ 370 ಕಿ.ಮೀ. ಆಸುಪಾಸು. ನನ್ನ ಲೆಕ್ಕದಲ್ಲಿ ಅಗ್ಗದ ವ್ಯಾಪಾರ.

ಊಟ ಬಂತು, ದೀಪ ಆರಿತು, ಕೆನಡಾ ನಿದ್ದೆಯಲ್ಲೇ ಕಳೆಯಿತು.

ಎಚ್ಚರವಾದಾಗ ಧ್ರುವ ಹತ್ತಿರವಾಗಿದೆ. ಹೊರಗಿನ ಚಳಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೂ ಹೋಗಬಲ್ಲದು. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನಕ್ಕೆ ಮೈನಸ್ 40ರವರೆಗಷ್ಟೇ ಭರವಸೆ. ಹಾಗಾಗಿ ಪೈಲಟ್‌ಗಳ ಕಣ್ಣು ಇಂಧನದ ತಾಪಮಾನದ ಮೇಲೆ. ಅದು ತೀರಾ ಇಳಿದರೆ ವೇಗ ಹೆಚ್ಚಿಸಬೇಕು, ಇಲ್ಲವೇ ಬೆಚ್ಚಗಿನ ಗಾಳಿ ಹುಡುಕಿ ಕೆಳಗಿಳಿಯಬೇಕು. ಅಯಸ್ಕಾಂತದ ದಿಕ್ಸೂಚಿಯನ್ನು ಇಲ್ಲಿ ನೆಚ್ಚುವಂತಿಲ್ಲ.

ಕಿಟಕಿಯ ಪರದೆ ಎತ್ತುತ್ತೀರಿ. ಕಗ್ಗತ್ತಲು. ಸೆಪ್ಟೆಂಬರಿನಲ್ಲಿ ಧ್ರುವ ಬಿಟ್ಟ ಸೂರ್ಯ ಅಲ್ಲಿಗೆ ಮರಳುವುದು ಮಾರ್ಚಿನಲ್ಲಿ. ಬೆಂಗಳೂರಿನಲ್ಲಿ ಈಗ ಭಾನುವಾರದ ಇಳಿಹೊತ್ತು, ಲಾಲ್‌ಬಾಗಿನಲ್ಲಿ ಇನ್ನೂ ಬಿಸಿಲಿದ್ದೀತು. ನಿಮಗೆ ಮಾತ್ರ ಅದರ ಒಂದು ಕಿರಣವೂ ಇಲ್ಲ. ಸೈಬೀರಿಯಾದ ಕಡೆ ಇಳಿಯುವಷ್ಟರಲ್ಲಿ ಅಲ್ಲಿಯ ಗಿಡ್ಡ ಹಗಲೂ ಮುಗಿದಿದೆ. ಮತ್ತೂ ದಕ್ಷಿಣಕ್ಕೆ ಬಂದರೆ ಅಲ್ಲೂ ರಾತ್ರಿ. ಇಡೀ ಭಾನುವಾರ ಕತ್ತಲಲ್ಲೇ ಸಂದುಹೋಗುತ್ತದೆ.

ಚಕ್ರ ನೆಲ ಮುಟ್ಟಿದಾಗ ಸೋಮವಾರ ನಸುಕಿನ ಮೂರು ದಾಟಿದೆ. ಗಡಿಯಾರ ನೋಡಿ ಕೂಡಿಸಿದರೆ ಮೂವತ್ತು ಗಂಟೆಗೂ ಹೆಚ್ಚು. ಹಾರಿದ್ದು ಸುಮಾರು 17. ಉಳಿದ ಹದಿಮೂರೂವರೆ ಗಂಟೆ ಎರಡು ಊರುಗಳ ಸಮಯದ ಅಂತರ. ಅಮೆರಿಕದ ಬೇಸಿಗೆಯಲ್ಲಿ ಅದು ಹನ್ನೆರಡೂವರೆ. ಆ ಗಂಟೆಗಳು ಹೋಗುವಾಗ ವಾಪಸು ಸಿಗುತ್ತವೆ: ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದವರು, ಚಳಿಗಾಲವಾದರೆ, ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿರುತ್ತಾರೆ.

ಮಕ್ಕಳನ್ನು ಕರೆತರಲು ದೇವನಹಳ್ಳಿಗೆ ಹೊರಡುವವರು ಒಂದು ಮಾತು ನೆನಪಿಡಿ: ಹೊರಡುವ ದಿನ ಯಾವುದೆಂದು ಕೇಳಬೇಡಿ, ಇಳಿಯುವ ತಾರೀಖು ಕೇಳಿ. ಶನಿವಾರ ರಾತ್ರಿ ಅಲ್ಲಿ ವಿಮಾನ ಹತ್ತಿದವರನ್ನು ಭಾನುವಾರ ಕಾದರೆ ಸಿಗುವುದಿಲ್ಲ.